ಪ್ರೊಬೇಷನ್ ರದ್ದಾಗುವ ಭೀತಿಯಲ್ಲಿ ಒದಗಿದ ಉಚಿತ ಕಾನೂನು ನೆರವು

ಸದ್ವರ್ತನೆಯ ಮುಚ್ಚಳಿಕೆ ಬರೆದುಕೊಟ್ಟು ಪ್ರೊಬೇಷನ್ ಮೇಲೆ, ಅಂದರೆ ಸೆರೆವಾಸದ ಬದಲು ಅಧಿಕಾರಿಯ ನಿಗಾದಲ್ಲಿ, ಬಿಡುಗಡೆಯಾಗಿದ್ದ ನನ್ನ ತಮ್ಮ, ಪ್ರೊಬೇಷನ್ ಅಧಿಕಾರಿಗೆ ತಿಳಿಸದೆ ಕೆಲಸಕ್ಕಾಗಿ ಊರು ಬಿಟ್ಟಿದ್ದರಿಂದ ಷರತ್ತು ಮುರಿದ ಆರೋಪಕ್ಕೆ ಗುರಿಯಾಗಿ, ಅವನಿಗೆ ನ್ಯಾಯಾಲಯದ ಸಮನ್ಸ್ ಬಂದಿತ್ತು. ಖಾಸಗಿ ವಕೀಲರ ಶುಲ್ಕ ನಮ್ಮ ಶಕ್ತಿಗೆ ಮೀರಿದ್ದರಿಂದ ಉಚಿತ ಕಾನೂನು ನೆರವಿನ 15100 ಸಹಾಯವಾಣಿಗೆ ಕರೆ ಮಾಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಆದಾಯ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಿದೆವು.

ನೇಮಕಗೊಂಡ ವಕೀಲರ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮುಚ್ಚಳಿಕೆಯ ಒಂದೊಂದು ಷರತ್ತನ್ನೂ ತಮ್ಮನಿಂದಲೇ ಗಟ್ಟಿಯಾಗಿ ಓದಿಸಿದ ಅವರು, 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 9ನೇ ಕಲಮಿನಂತೆ ನ್ಯಾಯಾಲಯವು ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದೆಂದೂ, ಮೊದಲ ಸಲದ ಲೋಪವಾದರೆ ಮುಚ್ಚಳಿಕೆಯನ್ನು ಮುಂದುವರಿಸಿ 50 ರೂಪಾಯಿ ಮೀರದ ದಂಡದಲ್ಲಿಯೇ ಮುಗಿಸಲು ಅವಕಾಶವಿದೆಯೆಂದೂ ಬಿಡಿಸಿ ಹೇಳಿದರು. ಕೆಲಸದ ಸ್ಥಳದ ಹಾಜರಿ ಪುಸ್ತಕದ ಪ್ರತಿಯನ್ನು ತರಿಸಿ ನ್ಯಾಯಾಲಯದ ಮುಂದಿಟ್ಟರು. ದಂಡದೊಂದಿಗೆ ಮುಚ್ಚಳಿಕೆ ಮುಂದುವರಿಯಿತು.

ಆದರೆ ವಕೀಲರ ಭೇಟಿಗೆ ಅವಕಾಶ ಸಿಕ್ಕಿದ್ದು ವಿಚಾರಣೆಯ ಹಿಂದಿನ ದಿನ. ಸೆರೆಮನೆಯ ಭಯದಲ್ಲಿರುವ ಕುಟುಂಬವನ್ನು ಅಷ್ಟು ಕಾಯಿಸುವುದು ಸರಿಯಲ್ಲ. ಈ ವಿಳಂಬವನ್ನು ಪ್ರಾಧಿಕಾರ ಸರಿಪಡಿಸಲೇಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಈ ನೆರವು ಕೋರಬಹುದು.