ಅಡಾಪ್ಟರ್ ಹಾಕಿದರೆ ಒಲೆಗೆ ಎಲ್ಲಾ ಗ್ಯಾಸ್ ಡಬ್ಬಿನೂ ಕೂರುತ್ತೆ ಅಂದರೆ ನಂಬಬೇಡಿ

ನನ್ನ ಎಡ ಹುಬ್ಬು ಈಗ ಪೂರ್ತಿ ಬೆಳೆದಿದೆ. ಹಾಗಾಗಿ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ಮಗ ಹುಬ್ಬಳ್ಳಿಯಿಂದ ಪುಣೆಗೆ ಬಂದಿದ್ದ. ಲೋಣಾವಳದಿಂದ ರಾಜಮಾಚಿ ಕೋಟೆಗೆ ನಡೆದು ಹೋಗಿ, ರಾತ್ರಿ ಟೆಂಟ್ ಹಾಕೋಣ ಅಂತ ಮಾತಾಯಿತು. ಹತ್ತಿರ ಹತ್ತಿರ 15 ಕಿಲೋಮೀಟರ್ ಬೆನ್ನ ಮೇಲೆ ಹೊರಬೇಕಲ್ವಾ, ಒಲೆ ಹಗುರ ಇರಲಿ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅಂಗಡಿಯವನು ಮಡಚಿದರೆ ಮುಷ್ಟಿಯಲ್ಲಿ ಅಡಗುವ ಒಲೆ ತೋರಿಸಿದ. ಕೊಂಡೆ.

ಅದಕ್ಕೆ ಬೇಕಾದದ್ದು ತಿರುಪಿನ ಬಾಯಿಯ ಗಿಡ್ಡ ಗ್ಯಾಸ್ ಡಬ್ಬಿ. ಅದು ಅವನ ಹತ್ತಿರ ಇರಲಿಲ್ಲ. ‘ಅಡಾಪ್ಟರ್ ಇದೆ ಸಾಹೇಬ್, ಎಲ್ಲಾ ಕೂರುತ್ತೆ’ ಅಂತ ಉದ್ದನೆಯ ಬ್ಯುಟೇನ್ ಗ್ಯಾಸ್ ಡಬ್ಬಿಯನ್ನೂ, ಅದನ್ನು ಅಡ್ಡ ಮಲಗಿಸಿ ಒಲೆಗೆ ಜೋಡಿಸುವ ಮೂರು ಕಾಲಿನ ತುಂಡೊಂದನ್ನೂ ಕೊಟ್ಟ. ಟೇಬಲ್ ಮೇಲಿಡುವ ಚಪ್ಪಟೆ ಒಲೆಯೊಳಗೆ ಅಡ್ಡ ಹಾಕುತ್ತಾರಲ್ಲ, ಸೊಳ್ಳೆ ಸ್ಪ್ರೇ ಥರದ ಡಬ್ಬಿ, ಅದೇ. ಕೋಥ್ರೂಡ್‌ನ ನಮ್ಮ ಅಡುಗೆಮನೆಯಲ್ಲಿ ಎರಡು ನಿಮಿಷ ಹಚ್ಚಿ ನೋಡಿದೆ. ಚೆನ್ನಾಗಿಯೇ ಉರಿಯಿತು.

ರಾಜಮಾಚಿಯಲ್ಲಿ ಕತ್ತಲಾದ ಮೇಲೆ ಚಳಿ ಶುರುವಾಯಿತು, ಗಾಳಿಯೂ ಜೋರು. ಮ್ಯಾಗಿಗೆ ನೀರಿಟ್ಟೆವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಉರಿ ಸೊರಗಿತು. ಡಬ್ಬಿ ಮುಟ್ಟಿದರೆ ಐಸ್, ಮೈ ತುಂಬ ಬೆವರಿನ ಹನಿ. ಒಳಗಿನ ದ್ರವ ಆವಿಯಾಗುವಾಗ ಡಬ್ಬಿಯ ಬಿಸಿಯನ್ನೇ ಹೀರಿಕೊಳ್ಳುತ್ತದೆ. ಬ್ಯುಟೇನ್ ಕುದಿಯುವುದೇ ಸೊನ್ನೆ ಡಿಗ್ರಿಯ ಆಸುಪಾಸು. ಚಳಿಯಲ್ಲಿ ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ. ಇದೆಲ್ಲ ಆಮೇಲೆ ತಿಳಿದದ್ದು ಬಿಡಿ.

‘ಮಾಮಾ, ಗ್ಯಾಸ್ ಮುಗೀತೇನ?’ ಅಂದ ಹುಡುಗ. ಒಲೆ ಆರಿಸಿ, ಡಬ್ಬಿ ಕಿತ್ತು, ಕಿವಿ ಹತ್ತಿರ ಅಲ್ಲಾಡಿಸಿ ನೋಡಿದ. ಅರ್ಧ ಇತ್ತು. ಮತ್ತೆ ಸಿಕ್ಕಿಸಿದ. ನಾನು ಬಗ್ಗಿ ಲೈಟರ್ ಒತ್ತಿದೆ.

ಮೊಣಕಾಲೆತ್ತರದ ಹಳದಿ ಬೆಂಕಿ ಭುಸ್ ಅಂತ ಎದ್ದಿತು. ಪಾತ್ರೆ ಉರುಳಿತು. ಆರಿಸುವ ತಿರುಗಣಿ ಇರುವುದು ಬರ್ನರ್‌ನ ಕೆಳಗೇ, ಎರಡು ಬೆರಳುದ್ದದ ತಂತಿ. ಒದ್ದೆ ಟವೆಲ್ ಸುತ್ತಿಕೊಂಡು ಕೈ ಹಾಕಿ ತಿರುಗಿಸುವಷ್ಟರಲ್ಲಿ ಹುಬ್ಬು ಹೋಗಿತ್ತು, ಮುಂಗೈ ಮೇಲಿನ ಕೂದಲೂ. ಸುಟ್ಟ ಕೂದಲಿನ ಆ ವಾಸನೆ ಎರಡು ದಿನ ಮೂಗಿನಲ್ಲೇ ಇತ್ತು. ಗಾಳಿ ಜಾಸ್ತಿ ಅಂತ ಒಲೆಯನ್ನು ಟೆಂಟ್ ಒಳಗೆ ತರೋಣ ಅಂತಲೂ ಹುಡುಗ ಮೊದಲು ಕೇಳಿದ್ದ. ಒಳಗೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಕಟ್ಟಿಕೊಳ್ಳುತ್ತೆ ಅನ್ನುವುದು ಗೊತ್ತಿದ್ದದ್ದರಿಂದ ಬೇಡ ಅಂದಿದ್ದೆ. ಅದೊಂದು ಪುಣ್ಯ.

ಆದದ್ದಿಷ್ಟು. ಆ ಉದ್ದ ಡಬ್ಬಿಯ ಕತ್ತಿನ ಪಟ್ಟಿಯಲ್ಲಿ ಒಂದು ಕಚ್ಚು ಇರುತ್ತದೆ. ಅಡ್ಡ ಮಲಗಿಸಿದಾಗ ಕಚ್ಚು ಮೇಲೆ ಬರಬೇಕು. ಒಳಗಿನ ಕೊಳವೆಯ ಬಾಯಿ ಅದೇ ಕಡೆಗೆ ಬಾಗಿರುತ್ತದೆ. ಮೇಲಿದ್ದರೆ ಆವಿ ಬರುತ್ತದೆ, ಕೆಳಗಾದರೆ ದ್ರವವೇ ಚಿಮ್ಮುತ್ತದೆ. ಚಪ್ಪಟೆ ಒಲೆಯಲ್ಲಿ ಕಚ್ಚು ಸರಿ ಕೂರದಿದ್ದರೆ ಡಬ್ಬಿಯೇ ಒಳಗೆ ಕೂರುವುದಿಲ್ಲ. ನನ್ನ ಅಡಾಪ್ಟರ್‌ಗೆ ಅಂಥ ಯಾವ ತಡೆಯೂ ಇರಲಿಲ್ಲ, ಹೇಗೆ ತುರುಕಿದರೂ ಒಪ್ಪಿಕೊಳ್ಳುತ್ತಿತ್ತು. ಮತ್ತೆ ಸಿಕ್ಕಿಸುವಾಗ ಕಚ್ಚು ಕೆಳಗಾಗಿತ್ತು. ಹುಡುಗನನ್ನು ಬೈದು ಏನು ಪ್ರಯೋಜನ?

ಆ ರಾತ್ರಿ ಕೋಟೆಯ ಬುಡದ ಹಳ್ಳಿ ಉಧೇವಾಡಿಯ ಒಂದು ಮನೆಯಲ್ಲಿ ಬಿಸಿ ಪಿಠ್ಲ, ಭಾಕ್ರಿ ಉಂಡೆವು. ಪಿಠ್ಲ ಅಂದರೆ ನಮ್ಮ ಜುಣಕದ ತಮ್ಮ ಅನ್ನಿ, ಸ್ವಲ್ಪ ತೆಳ್ಳಗೆ. ಊಟ ಸಿಗುವ ಊರಿಗೆ ಒಲೆ ಹೊತ್ತದ್ದೇ ಯಾಕೆ ಅಂತ ಅಕ್ಕ ಈಗಲೂ ಕೇಳುತ್ತಾಳೆ.

ಒಲೆ ಬೇಕೇ ಬೇಕು ಅನ್ನುವವರು ಮೊದಲು ಡಬ್ಬಿ ಹುಡುಕಿ, ಆಮೇಲೆ ಅದಕ್ಕೆ ಹೊಂದುವ ಒಲೆ. ತಿರುಪಿನ ಡಬ್ಬಿಯ ಮೇಲೆ ಐಸೋಬ್ಯುಟೇನ್, ಪ್ರೊಪೇನ್ ಅಂತ ಬರೆದಿದೆಯಾ ನೋಡಿ. ಆ ಮಿಶ್ರಣ ಚಳಿಗೆ ಅಷ್ಟು ಬೇಗ ಸೋಲುವುದಿಲ್ಲ. ಖಾಲಿ ಡಬ್ಬಿಗೆ ಮತ್ತೆ ಗ್ಯಾಸ್ ತುಂಬಿಸಿದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ಜೋಡಿಸಿದ ಮೇಲೆ ಸಂದಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಅಂಗಡಿಗೆ ವಾಪಸ್. ಗಾಳಿಗೆ ಅಂತ ಡಬ್ಬಿಯನ್ನೂ ಸೇರಿಸಿ ಸುತ್ತಲೂ ತಗಡು ಕಟ್ಟುವವರನ್ನು ನೋಡಿದ್ದೇನೆ. ಬೇಡ, ಡಬ್ಬಿ ಕಾದು ಸಿಡಿಯಬಹುದು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಆ ಡಬ್ಬಿಯನ್ನು ಲೋಣಾವಳ ಲೋಕಲ್‌ನಲ್ಲೇ ಒಯ್ದಿದ್ದೆವು. 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಇದಕ್ಕೆ 3 ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿಮಾನದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲಿ ಹಾಕಿದರೂ ಅಷ್ಟೇ. ಬೆಂಗಳೂರಿನಿಂದ ಬರುವವರು ಒಲೆ ಮಾತ್ರ ತನ್ನಿ. ತಿರುಪಿನ ಡಬ್ಬಿ ಇದೆಯಾ ಅಂತ ಪುಣೆಯ ಅಂಗಡಿಗೆ ಮೊದಲೇ ಫೋನ್ ಮಾಡಿ ಕೇಳಿ. ‘ಅಡಾಪ್ಟರ್ ಇದೆ’ ಅಂದರೆ ಫೋನ್ ಇಟ್ಟುಬಿಡಿ.