ಎಡ್ಮಂಟನ್ ಚಳಿಗೆ ಬ್ಲಾಕ್ ಹೀಟರ್: ಹಲವು ಚಳಿಗಾಲ ಬಳಸಿದ ಮೇಲೆ

ಕೆನಡಾದ ಆಲ್ಬರ್ಟಾಕ್ಕೆ ಹೊಸದಾಗಿ ಬರುವ ನಮ್ಮವರು ಜಾಕೆಟ್, ಬೂಟು, ಚಳಿಗಾಲದ ಟೈರ್ ಬಗ್ಗೆ ಎಲ್ಲರನ್ನೂ ವಿಚಾರಿಸುತ್ತಾರೆ. ನಿಂತ ಗಾಡಿಯ ಎಂಜಿನ್ನನ್ನು ಕರೆಂಟಿನಿಂದ ಬಿಸಿ ಇಡುವ ಬ್ಲಾಕ್ ಹೀಟರ್ ಬಗ್ಗೆ ಕೇಳುವವರು ಕಡಿಮೆ. ಕಾರಿನ ಮುಂದಿನ ಜಾಲರಿಯಿಂದ ಮೂರು ಪಿನ್ನಿನ ಪ್ಲಗ್ ನೇತಾಡುವುದನ್ನು ನೋಡಿ, ಇದು ಎಲೆಕ್ಟ್ರಿಕ್ ಗಾಡಿಯಾ ಅಂತ ಕೇಳುತ್ತಾರೆ ಅಷ್ಟೇ. ನನ್ನದು ಪೆಟ್ರೋಲ್ ಗಾಡಿ, ಅದರಲ್ಲಿ 400 ವ್ಯಾಟ್‌ನ ಹೀಟರ್ ಇದೆ. ಎಡ್ಮಂಟನ್‌ನಲ್ಲಿ ಹಲವು ಚಳಿಗಾಲ ಬಳಸಿದ್ದೇನೆ. ಗಾಡಿಯನ್ನು ಬಯಲಲ್ಲಿ ನಿಲ್ಲಿಸುವವರಿಗೆ ಇದು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದಕ್ಕಿಂತ ಮುಂಚೆ ನೋಡಬೇಕಾದ್ದು ಪಾರ್ಕಿಂಗ್‌ನಲ್ಲಿ ಕರೆಂಟ್ ಬರುವ ಪ್ಲಗ್ ಪಾಯಿಂಟ್ ಇದೆಯಾ ಅಂತ. ಅದಿಲ್ಲದಿದ್ದರೆ ಹೀಟರ್ ಇದ್ದೂ ಇಲ್ಲದ ಹಾಗೆ.

ಇಲ್ಲಿಯ ಚಳಿ ಒಂದೇ ಹದದಲ್ಲಿ ಇರುವುದಿಲ್ಲ. ನವೆಂಬರ್‌ನಲ್ಲಿ ಕೂತ ಹಿಮ ಮಾರ್ಚ್ ಮುಗಿಯುವವರೆಗೂ ಹೆಚ್ಚುಕಡಿಮೆ ನೆಲ ಬಿಡುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಬೆಳಗ್ಗೆ ಸುಮಾರು 8.50ಕ್ಕೆ ಸೂರ್ಯ ಹುಟ್ಟಿದರೆ ಸಂಜೆ 4.15ರ ಹೊತ್ತಿಗೆ ಮುಳುಗುತ್ತಾನೆ. ಚಳಿಗಾಲದ ಹೆಚ್ಚಿನ ದಿನ ಮೈನಸ್ 5, ಮೈನಸ್ 15ರ ಆಸುಪಾಸು. ಅಷ್ಟಕ್ಕೆಲ್ಲ ಈಗಿನ ಗಾಡಿಗಳು, ತೆಳು ಆಯಿಲ್ ಹಾಕಿದ್ದರೆ, ತಾವೇ ಸ್ಟಾರ್ಟ್ ಆಗುತ್ತವೆ. ಆಮೇಲೆ ಉತ್ತರ ಧ್ರುವದ ಕಡೆಯ ಗಾಳಿ ಕೆಳಗಿಳಿದು ಕೆಲವು ದಿನ ಇಲ್ಲೇ ಬೀಡುಬಿಡುತ್ತದೆ. ಆಗ ಮೈನಸ್ 30, ಒಮ್ಮೊಮ್ಮೆ ಮೈನಸ್ 40. ಬ್ಲಾಕ್ ಹೀಟರ್ ಇರುವುದೇ ಆ ದಿನಗಳಿಗೆ.

ಅಂಥ ಬೆಳಗ್ಗೆ ಸೆಲ್ಫ್ ಹೊಡೆದರೆ ಎರಡು ಕಷ್ಟ ಒಟ್ಟಿಗೆ ಬರುತ್ತವೆ. ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಲು ಜಾಸ್ತಿ ಶಕ್ತಿ ಕೇಳುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯ ಶಕ್ತಿ ಕುಗ್ಗಿರುತ್ತದೆ. ಬ್ಯಾಟರಿ ಮೇಲೆ ಸಿಸಿಎ ಅಂತ ಒಂದು ಅಂಕಿ ಬರೆದಿರುತ್ತಾರಲ್ಲ, ಚಳಿಯಲ್ಲಿ ಎಂಜಿನ್ ತಿರುಗಿಸಲು ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದು ಅನ್ನುವ ಲೆಕ್ಕ ಅದು, ಅದನ್ನು ಅಳೆಯುವುದು ಮೈನಸ್ 18ರಲ್ಲಿ. ಮೈನಸ್ 35ಕ್ಕೆ ಆ ಅಂಕಿ ಕೂಡ ಸಿಗುವುದಿಲ್ಲ. ಹೇಗೋ ಸ್ಟಾರ್ಟ್ ಆಯಿತು ಅಂತಿಟ್ಟುಕೊಳ್ಳಿ, ಆಯಿಲ್ ಮೇಲಿನ ಭಾಗಗಳಿಗೆ ತಲುಪುವವರೆಗೆ ಎಂಜಿನ್ ಒಳಗೆ ಸವೆತ ಜಾಸ್ತಿ.

ಹೀಟರ್ ಮಾಡುವ ಕೆಲಸ ಸರಳ. ಎಂಜಿನ್ ಬ್ಲಾಕಿನ ಪಕ್ಕದಲ್ಲಿರುವ ಒಂದು ಬಿರಡೆ ತೆಗೆದು ಆ ಜಾಗದಲ್ಲಿ ಪುಟ್ಟ ಕಾಯಿಲ್ ಕೂರಿಸುತ್ತಾರೆ. ಅದು ಕೂಲೆಂಟ್, ಅಂದರೆ ಎಂಜಿನ್ ತಂಪಿಡುವ ದ್ರವದ ಒಳಗೆ ಮುಳುಗಿರುತ್ತದೆ. ಬಿಸಿಯಾದ ಕೂಲೆಂಟ್ ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ, ಪಂಪ್ ಬೇಕಿಲ್ಲ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿದ್ದ ಆಂಡ್ರ್ಯೂ ಫ್ರೀಮನ್ ಇಂಥದ್ದೊಂದು ಹೀಟರ್‌ಗೆ 1949ರಲ್ಲಿ ಪೇಟೆಂಟ್ ಪಡೆದರು. ಅವರು ಎಂಜಿನ್ ತಲೆಯ ಒಂದು ಬೋಲ್ಟ್ ಬಿಚ್ಚಿ ಅಲ್ಲಿ ಕೂರಿಸುತ್ತಿದ್ದರು. ಈಗ ಜಾಗ ಬದಲಾಗಿದೆ, ಗಾಡಿ ನಿಂತಾಗಲೇ ಎಂಜಿನ್ ಬಿಸಿ ಇಡುವ ಉಪಾಯ ಅದೇ.

ರಾತ್ರಿ ಮಲಗುವ ಮುಂಚೆ ಕೆಳಗೆ ಹೋಗಿ, ಬಂಪರ್ ಮುಂದೆ ಮಂಡಿಯೂರಿ, ಪ್ಲಗ್‌ನ ರಬ್ಬರ್ ಮುಚ್ಚಳ ತೆಗೆಯಬೇಕು. ಮುಚ್ಚಳದ ಸುತ್ತ ಹಿಮದ ಪುಡಿ ಅಂಟಿರುತ್ತದೆ, ಅದನ್ನು ಊದಿ ಒರೆಸಿಯೇ ಪ್ಲಗ್ ಹಾಕಬೇಕು. ಹಾಕಿದ ಮೇಲೆ ತಕ್ಷಣ ಎದ್ದು ಬರಬೇಡಿ. ಟೋಪಿ ಸ್ವಲ್ಪ ಸರಿಸಿ ಕಿವಿ ಕೊಡಿ. ಒಲೆ ಮೇಲಿಟ್ಟ ನೀರು ಕುದಿಯುವ ಮುಂಚೆ ಸಣ್ಣಗೆ ಹಾಡುವ ಹಾಗೆ ಎಂಜಿನ್ ಒಳಗಿಂದ ಒಂದು ಸದ್ದು ಬರುತ್ತದೆ. ಆ ಸದ್ದು ಕೇಳಿಸಿತು ಅಂದರೆ ಹೀಟರ್ ಕೆಲಸ ಮಾಡುತ್ತಿದೆ. ನನ್ನ ಗಾಡಿಯಲ್ಲಿ ಇದು ಚೆನ್ನಾಗಿ ಕೇಳಿಸುತ್ತದೆ, ಎಲ್ಲ ಗಾಡಿಯಲ್ಲೂ ಕೇಳಿಸಬೇಕೆಂದಿಲ್ಲ. ಅನುಮಾನ ಬಂದರೆ ಮಲ್ಟಿಮೀಟರ್ ಇಟ್ಟು ನೋಡಿ: 120 ವೋಲ್ಟಿನಲ್ಲಿ 400 ವ್ಯಾಟ್ ಎಳೆಯುವ ಹೀಟರ್‌ನ ಎರಡು ಪಿನ್ನುಗಳ ನಡುವೆ ಸುಮಾರು 36 ಓಮ್ ತೋರಿಸಬೇಕು. ಜನರಲ್ ಮೋಟಾರ್ಸ್‌ನ ಕೆಲವು ಗಾಡಿಗಳ ಪ್ಲಗ್‌ನಲ್ಲೇ ಥರ್ಮೋಸ್ಟಾಟ್ ಇರುತ್ತದೆ. ಮೈನಸ್ 18ಕ್ಕಿಂತ ಚಳಿ ಇಳಿಯದೆ ಅದು ಕರೆಂಟ್ ಬಿಡುವುದಿಲ್ಲ. ಅಂಥ ಗಾಡಿ ಇರುವವರು ಮೈನಸ್ 10ರಲ್ಲಿ ಪರೀಕ್ಷೆ ಮಾಡಿ ಹೀಟರ್ ಸುಟ್ಟುಹೋಗಿದೆ ಅಂತ ಗಾಬರಿಯಾಗುವುದು ಬೇಡ.

ಇಡೀ ರಾತ್ರಿ ಹಾಕಿಡುವವರನ್ನು ನೋಡಿದರೆ ನನಗೆ ಬೇಜಾರು. ನಾಲ್ಕು ಗಂಟೆ ಸಾಕು. ಅಷ್ಟರಲ್ಲಿ ಎಂಜಿನ್ ಎಷ್ಟು ಬಿಸಿಯಾಗಬೇಕೋ ಅಷ್ಟು ಆಗಿರುತ್ತದೆ, ಆಮೇಲೆ ಹಾಕಿದ ಕರೆಂಟ್ ಎಲ್ಲ ಗಾಳಿಗೆ. ನಾಲ್ಕು ಗಂಟೆಗೆ ನನ್ನ ಹೀಟರ್ 1.6 ಯುನಿಟ್ ತಿನ್ನುತ್ತದೆ, ಹನ್ನೆರಡು ಗಂಟೆ ಬಿಟ್ಟರೆ 4.8. ದೊಡ್ಡ ಪಿಕಪ್ ಟ್ರಕ್‌ಗಳ ಹೀಟರ್ 1000 ವ್ಯಾಟ್ ಇರುವುದುಂಟು, ಅಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಹೊರಗಡೆ ಬಳಸುವ ಟೈಮರ್ ಒಂದನ್ನು ಕೊಂಡುಕೊಳ್ಳಿ. ನನ್ನದು ಬೆಳಗಿನ ಜಾವ ಮೂರಕ್ಕೆ ಆನ್ ಆಗುತ್ತದೆ, ಏಳಕ್ಕೆ ನಾನು ಹೊರಡುತ್ತೇನೆ.

ಟೈಮರ್‌ಗೆ ಇನ್ನೊಂದು ಕಾರಣವೂ ಇದೆ. 2024ರ ಜನವರಿ 13, ಶನಿವಾರ ಸಂಜೆ, ಆಲ್ಬರ್ಟಾದವರ ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಮೈನಸ್ 40ರ ಚಳಿಯಲ್ಲಿ ಕರೆಂಟ್ ಸಾಲುತ್ತಿಲ್ಲ, ಸರದಿಯ ಮೇಲೆ ಕಡಿತ ಮಾಡಬೇಕಾಗಬಹುದು, ಅಗತ್ಯ ಇಲ್ಲದ್ದೆಲ್ಲ ಆರಿಸಿ ಅಂತ ಸರ್ಕಾರದ ತುರ್ತು ಸಂದೇಶ. ಬ್ಲಾಕ್ ಹೀಟರ್ ಹಾಕುವುದನ್ನು ಸ್ವಲ್ಪ ಮುಂದೂಡಿ ಅಂತಲೂ ಅದರಲ್ಲಿತ್ತು. ಜನ ಕೇಳಿದರು. ಕೆಲವೇ ನಿಮಿಷಗಳಲ್ಲಿ ಸುಮಾರು 150 ಮೆಗಾವ್ಯಾಟ್ ಬೇಡಿಕೆ ಇಳಿಯಿತು, ಕಡಿತ ತಪ್ಪಿತು. ಸಂಜೆ ಏಳಕ್ಕೆ ಯಾರ ಎಂಜಿನ್ನಿಗೂ ಬಿಸಿ ಬೇಕಿರುವುದಿಲ್ಲ. ಮನೆಮನೆಯಲ್ಲಿ ಅಡುಗೆ, ದೀಪ ನಡೆಯುವ ಹೊತ್ತು ಬಿಟ್ಟು ಊರು ಮಲಗಿದಾಗ ಹೀಟರ್ ಓಡಿದರೆ ಎಲ್ಲರಿಗೂ ಒಳ್ಳೆಯದು, ಅಲ್ವಾ?

ಯಾವಾಗ ಪ್ಲಗ್ ಹಾಕಬೇಕು ಅನ್ನುವುದರಲ್ಲಿ ಗೊಂದಲ ಜಾಸ್ತಿ. ಹವಾಮಾನ ಆಪ್ ಎರಡು ಅಂಕಿ ಕೊಡುತ್ತದೆ: ನಿಜವಾದ ತಾಪಮಾನ ಒಂದು, ಗಾಳಿ ಸೇರಿಸಿ ಮೈಗೆ ಅನ್ನಿಸುವ ಚಳಿ ಇನ್ನೊಂದು. ಎರಡನೆಯದು ನಮ್ಮ ಚರ್ಮಕ್ಕೆ. ಅದು ಮೈನಸ್ 40 ದಾಟಿದರೆ ಮುಚ್ಚದ ಕಿವಿ, ಮೂಗು ಐದು ಹತ್ತು ನಿಮಿಷದಲ್ಲಿ ಮರಗಟ್ಟಬಹುದು. ಮಕ್ಕಳನ್ನು ಬಸ್ ಸ್ಟಾಪಿಗೆ ಕಳಿಸುವಾಗ ಅದನ್ನೇ ನೋಡಿ. ಎಂಜಿನ್ನಿಗೆ ಮಾತ್ರ ಮೊದಲನೆಯ ಅಂಕಿ ನೋಡಿ. ಗಾಳಿ ಬೀಸಿದರೆ ನಿಂತ ಗಾಡಿ ಬೇಗ ತಣ್ಣಗಾಗುತ್ತದೆ ನಿಜ, ಸುತ್ತಲಿನ ತಾಪಮಾನಕ್ಕಿಂತ ಕೆಳಗೆ ಹೋಗುವುದಿಲ್ಲ. ನಾನು ಮೈನಸ್ 15 ದಾಟಿದರೆ ಹಾಕುತ್ತೇನೆ, ಮೈನಸ್ 25 ದಾಟಿದರೆ ತಪ್ಪಿಸುವುದೇ ಇಲ್ಲ.

ಇದರಿಂದ ಆಗದ ಕೆಲಸಗಳೂ ಇವೆ. ಬ್ಯಾಟರಿಗೆ ಇದು ನೇರವಾಗಿ ಏನೂ ಮಾಡುವುದಿಲ್ಲ. ಹಳೆಯ ಬ್ಯಾಟರಿ ಆದರೆ ಅಕ್ಟೋಬರ್‌ನಲ್ಲೇ ಪರೀಕ್ಷೆ ಮಾಡಿಸಿ. ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವುದು ತಪ್ಪುವುದಿಲ್ಲ. ರಾತ್ರಿಯಿಡೀ ನಿಂತ ಟೈರ್ ತಳದಲ್ಲಿ ಚಪ್ಪಟೆಯಾಗಿ ಮೊದಲ ಸ್ವಲ್ಪ ದೂರ ಗಾಡಿ ದಡದಡ ಅನ್ನುತ್ತದೆ, ಅದಕ್ಕೂ ಔಷಧಿ ಇದರಲ್ಲಿಲ್ಲ. ಆದರೆ ಒಳಗಿನ ಬಿಸಿಗಾಳಿ ಬೇಗ ಬರುತ್ತದೆ. ಹಿಂದಿನ ಸೀಟಿನಲ್ಲಿ ಮಗು ಇದ್ದರೆ ಅದರ ಬೆಲೆ ಗೊತ್ತಾಗುತ್ತದೆ.

ಹುಬ್ಬಳ್ಳಿಯಿಂದ ಬಂದ ಹುಡುಗನೊಬ್ಬ ಮೊನ್ನೆ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತು ಕೇಳಿದ: "ಅಣ್ಣಾರ, ರಿಮೋಟ್ ಸ್ಟಾರ್ಟ್ ಐತಲ್ರಿ, ಮತ್ತ ಇದೂ ಬೇಕೇನ್ರಿ?" ಬೇಕು ತಮ್ಮಾ ಅಂದೆ. ರಿಮೋಟ್ ಒತ್ತಿದಾಗ ಎಂಜಿನ್ ಸ್ಟಾರ್ಟ್ ಆದರೆ ತಾನೇ ಅದರಿಂದ ಉಪಯೋಗ? ಗಟ್ಟಿಯಾದ ಆಯಿಲ್, ಬಳಲಿದ ಬ್ಯಾಟರಿಯ ಕಷ್ಟ ಹಾಗೇ ಉಳಿಯುತ್ತದೆ. ಎರಡೂ ಇದ್ದರೆ ಬಹಳ ಸುಖ, ಒಂದೇ ಅಂದರೆ ನಾನು ಹೀಟರ್ ಆರಿಸುತ್ತೇನೆ.

ನನ್ನ ದೊಡ್ಡ ದೂರು ಬಾಡಿಗೆ ಮನೆಗಳ ಮೇಲೆ. ನಾವು ಮೊದಲಿದ್ದ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಪಾರ್ಕಿಂಗ್ ಜಾಗಕ್ಕೂ ಪ್ಲಗ್ ಕಂಬ ಇತ್ತು. ನಮ್ಮ ಕಂಬದಲ್ಲಿ ಕರೆಂಟ್ ಇರಲಿಲ್ಲ. ಹೇಳಿದಾಗಲೆಲ್ಲ "ನೋಡುತ್ತೇವೆ" ಅಂದರು, ಚಳಿಗಾಲ ಮುಗಿಯಿತು. ಚಿಕ್ಕ ಮಗು ಕಟ್ಟಿಕೊಂಡು ಮೈನಸ್ 33ರಲ್ಲಿ ಪಕ್ಕದ ಮನೆಯವರ ಹತ್ತಿರ ಜಂಪರ್ ಕೇಬಲ್ ಕೇಳುವ ಪರಿಸ್ಥಿತಿ ಯಾರಿಗೂ ಬರಬಾರದು. ಮನೆ ನೋಡಲು ಹೋದಾಗ ಅಡುಗೆಮನೆಗಿಂತ ಮೊದಲು ಪಾರ್ಕಿಂಗ್ ನೋಡಿ. ಫೋನ್ ಚಾರ್ಜರ್ ಚುಚ್ಚಿ ಕರೆಂಟ್ ಬರುತ್ತದಾ ನೋಡಿ. ಕೆಲವು ಕಡೆ ಉಳಿತಾಯಕ್ಕಾಗಿ ಸ್ವಲ್ಪ ಹೊತ್ತು ಬಿಟ್ಟು ಸ್ವಲ್ಪ ಹೊತ್ತು ತೆಗೆಯುತ್ತಾರೆ. ಹಾಗಿದ್ದರೂ ನಡೆಯುತ್ತದೆ, ಟೈಮರ್‌ನ ಅವಧಿ ಹೆಚ್ಚಿಸಿದರೆ ಆಯಿತು. ಕರಾರಿನಲ್ಲಿ ಪ್ಲಗ್ ಬಗ್ಗೆ ಬರೆಸಿಕೊಳ್ಳಿ.

ಇಷ್ಟು ವರ್ಷದಲ್ಲಿ ಕೆಟ್ಟದ್ದು ಹೀಟರ್ ಅಲ್ಲ, ಅದರ ವೈರು. ರಸ್ತೆಗೆ ಹಾಕುವ ಉಪ್ಪು, ಮರಳು ತಾಗಿ ಪ್ಲಗ್‌ನ ಪಿನ್ನು ಹಸಿರುಗಟ್ಟಿತ್ತು. ವೈರು ಬದಲಿಸಿದ ಮೇಲೆ ಮೊದಲಿನ ಹಾಗೇ ಇದೆ. ಎಕ್ಸ್‌ಟೆನ್ಶನ್ ವೈರ್ ವಿಷಯದಲ್ಲಿ ಜಿಪುಣತನ ಬೇಡ. ಮನೆಯೊಳಗಿನ ಮಾಮೂಲಿ ವೈರು ಮೈನಸ್ 30ರಲ್ಲಿ ಕಡ್ಡಿಯಾಗಿ ನಿಲ್ಲುತ್ತದೆ, ಬಗ್ಗಿಸಿದರೆ ಮೇಲ್ಪದರ ಸೀಳುತ್ತದೆ. ಚಳಿಗೆಂದೇ ಮಾಡಿದ, ಹೊರಗಿನ ಬಳಕೆಯ ದಪ್ಪ ವೈರು ತನ್ನಿ, ಬೇಕಾದಷ್ಟೇ ಉದ್ದದ್ದು.

5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಕಳೆದದ್ದು ಆ ವೈರಿಗೆ. ಇಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಜಾಲರಿಯ ಹಿಂದೆ ಪ್ಲಗ್ ಇದೆಯಾ ಅಂತ ಬಗ್ಗಿ ನೋಡಿ. ಬೆಚ್ಚಗಿನ ಊರುಗಳಿಂದ ಬಂದ ಗಾಡಿಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಇಲ್ಲದಿದ್ದರೆ ಸೆಪ್ಟೆಂಬರ್‌ನಲ್ಲೇ ಹಾಕಿಸಿಕೊಳ್ಳಿ, ಮೊದಲ ದೊಡ್ಡ ಚಳಿ ಬಿದ್ದ ವಾರ ಗ್ಯಾರೇಜುಗಳಲ್ಲಿ ಜಾಗ ಸಿಗುವುದು ಕಷ್ಟ.