ಮೂರು ಜೀಪು, ಒಂದೇ ಹಸಿರು ಬಣ್ಣ, ಮೂರು ರೇಟು: ಅಡ್ವಾನ್ಸ್ ಕೊಡೋ ಮುಂಚೆ ಓದಿ

ರೀಸ್ಟೋರ್ ಮಾಡಿದ ಹಳೇ ಜೀಪು ತಗೊಳ್ಳೋ ಯೋಚನೆ ಇದ್ದರೆ ಇದನ್ನು ಪೂರ್ತಿ ಓದಿ. ಆರೂವರೆ ಲಕ್ಷ ಕೊಟ್ಟು ನಾನು ತಂದ ಜೀಪು ತೋಟದೊಳಗೆ ಮಾತ್ರ ಓಡುತ್ತೆ. ಗೇಟು ದಾಟಿ ಟಾರ್ ರಸ್ತೆಗೆ ಇಳಿಸುವ ಹಾಗಿಲ್ಲ. ಮಾರಿದವರ ಹೆಸರು ಬರೆಯುವುದಿಲ್ಲ, ವಿಷಯ ವಕೀಲರ ಹತ್ತಿರ ಇದೆ. ಹೆಸರು ಗೊತ್ತಾಗಿ ನಿಮಗೇನೂ ಆಗಬೇಕಾಗಿಲ್ಲ. ಇಂಥ ಗ್ಯಾರೇಜು ಒಂದೇ ಅಲ್ಲ.

ಅವರ ಅಂಗಳದಲ್ಲಿ ಮೂರು ಜೀಪು ಸಾಲಾಗಿ ನಿಂತಿದ್ದವು. ಮೂರಕ್ಕೂ ಅದೇ ಮಿಲಿಟರಿ ಹಸಿರು, ಹೊಸ ಟಯರು, ಹೊಸ ಕ್ಯಾನ್ವಾಸ್ ಹುಡ್ಡು. ಒಂದಕ್ಕೆ ಮೂರೂವರೆ ಲಕ್ಷ, ಇನ್ನೊಂದಕ್ಕೆ ಆರೂವರೆ, ಮೂಲೆಯಲ್ಲಿದ್ದದ್ದಕ್ಕೆ ಹದಿನಾಲ್ಕು. ಯಾಕೆ ಇಷ್ಟು ವ್ಯತ್ಯಾಸ ಅಂತ ಕೇಳಿದರೆ "ಕೆಲಸ ಜಾಸ್ತಿ ಹಿಡಿದಿದೆ ಸಾರ್" ಅಂದರು. ಇದನ್ನು ನಂಬಬೇಡಿ. ಟಿಂಕರಿಂಗ್, ಪೇಂಟು, ಸೀಟು, ವೈರಿಂಗ್, ಟಯರು ಇವುಗಳ ಖರ್ಚು ಯಾವ ಜೀಪಿಗಾದರೂ ಹೆಚ್ಚು ಕಡಿಮೆ ಅಷ್ಟೇ. ರೇಟು ಏರೋದು ಇಳಿಯೋದು ಬಣ್ಣದ ಕೆಳಗೆ ಇರೋದರಿಂದ. ಚಾಸಿ (ಬಾಡಿ ಕೆಳಗಿನ ಉಕ್ಕಿನ ಚೌಕಟ್ಟು) ಯಾವ ಗಾಡಿಯದು, ಇಂಜಿನ್ ಅದರದ್ದೇನಾ, ಫೋರ್ ವೀಲ್, ಅಂದರೆ ಇಂಜಿನ್ನು ನಾಲ್ಕೂ ಚಕ್ರ ತಿರುಗಿಸೋ ವ್ಯವಸ್ಥೆ, ನಿಜವಾಗಿ ಇದೆಯಾ, ಎಲ್ಲಕ್ಕಿಂತ ಮುಖ್ಯವಾಗಿ ಆರ್‌ಸಿ ಯಾರ ಹೆಸರಲ್ಲಿ ಎಲ್ಲಿದೆ.

ಹದಿನಾಲ್ಕು ಲಕ್ಷದ್ದು ಎರಡನೇ ಮಹಾಯುದ್ಧದ ಕಾಲದ ಗಾಡಿ. 1941ರಿಂದ 1945ರ ನಡುವೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಯುದ್ಧ ಮುಗಿದ ಮೇಲೆ ಒಂದಷ್ಟು ಇಲ್ಲೇ ಉಳಿದವು. ಇವೆಲ್ಲ ಎಡಗಡೆ ಸ್ಟೀರಿಂಗ್. ಯಾರಾದರೂ ಬಲಗಡೆ ಸ್ಟೀರಿಂಗಿನ ಜೀಪು ತೋರಿಸಿ "ಯುದ್ಧದ ಗಾಡಿ" ಅಂದರೆ, ಒಂದೋ ಸ್ಟೀರಿಂಗ್ ಬದಲಾಗಿದೆ, ಇಲ್ಲಾ ಗಾಡಿಯೇ ಬೇರೆ. ಫೋರ್ಡ್ ಮಾಡಿದ್ದಾದರೆ ಬೋಲ್ಟುಗಳ ತಲೆಯ ಮೇಲೂ ಎಫ್ ಅಕ್ಷರ ಒತ್ತಿರುತ್ತೆ. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ವಿಲ್ಲೀಸಿನಲ್ಲಿ ದುಂಡಗಿನ ಪೈಪು, ಫೋರ್ಡಿನಲ್ಲಿ ಮಗುಚಿದ ಚಾನೆಲ್. ಮುಂದಿನ ಗ್ರಿಲ್ಲನ್ನಾಗಲಿ, ಡ್ಯಾಶ್‌ಬೋರ್ಡಿನ ಹಿತ್ತಾಳೆ ಪ್ಲೇಟನ್ನಾಗಲಿ ನೋಡಿ ಏನೂ ತೀರ್ಮಾನ ಮಾಡಬೇಡಿ. ಅವು ಹೊಸದಾಗಿಯೇ ಸಿಗುತ್ತವೆ. ನಿಜವಾದ ಗಾಡಿಗೆ ಆ ರೇಟು ಯಾಕೆ ಅಂತ ನನಗೆ ಅರ್ಥ ಆಗುತ್ತೆ, ಅದನ್ನು ಮತ್ತೆ ಯಾರೂ ಮಾಡೋಕಾಗಲ್ಲ.

ಮೂರೂವರೆ ಲಕ್ಷದ್ದು ಮಹೀಂದ್ರಾ ಎಂಎಂ 540, ಪೂಜೋ ಡೀಸೆಲ್ ಇಂಜಿನ್, ಟೂ ವೀಲ್. ಕರ್ನಾಟಕ ರಿಜಿಸ್ಟ್ರೇಷನ್. ಇದ್ದದ್ದು ಇದ್ದ ಹಾಗೇ ಹೇಳಿದ್ದರು. ಅಂಗಳದಲ್ಲಿದ್ದ ಮೂರರಲ್ಲಿ ಸುಳ್ಳಿಲ್ಲದ ಗಾಡಿ ಬಹುಶಃ ಅದೇ. ಮೂಡಿಗೆರೆ ಕಡೆಯವರೊಬ್ಬರು ಒಯ್ದರು, ಈಗಲೂ ಗೊಬ್ಬರದ ಮೂಟೆ ಹೊರುತ್ತಿದೆ.

ನನಗೆ ಕೊಟ್ಟಿದ್ದು ನಡುವಿನದು. "ಅರವತ್ತರ ದಶಕದ ಸಿಜೆ 3ಬಿ, ಪೆಟ್ರೋಲ್, ಫೋರ್ ವೀಲ್, ಪೇಪರ್ ಕ್ಲಿಯರ್." ಗೊತ್ತಿಲ್ಲದವರಿಗೆ: ಸಿಜೆ 3ಬಿ ಅಂದರೆ ಆ ಎತ್ತರದ ಬಾನೆಟ್ಟಿನ ಜೀಪು. ಹಳೇ ಇಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನೊಳಗೇ ಸಿಲಿಂಡರಿನ ಪಕ್ಕದಲ್ಲಿದ್ದವು. ಹರಿಕೇನ್ ಅನ್ನೋ 2.2 ಲೀಟರ್ ಇಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವು ಹೆಡ್ಡಿಗೆ ಬಂತು, ಇಂಜಿನ್ ಎತ್ತರ ಆಯ್ತು, ಅದಕ್ಕೆ ಬಾನೆಟ್ಟೂ ಏರಿತು. ಮಹೀಂದ್ರಾದವರು ಇದನ್ನು ನಮ್ಮಲ್ಲಿ ವರ್ಷಗಟ್ಟಲೆ ಮಾಡಿದರು. ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಓಡಿದ ಹಳೇ ಜೀಪುಗಳಲ್ಲಿ ಇದೇ ಜಾಸ್ತಿ. ಬಿಡಿಭಾಗಕ್ಕೆ ತೊಂದರೆ ಇಲ್ಲ, ಬೆಂಗಳೂರಿನ ಜೆಸಿ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಬಹಳಷ್ಟು ಸಿಗುತ್ತೆ. ಬೇಡಿಕೆ ಇರೋದರಿಂದ ನಕಲಿಯೂ ಇದರದ್ದೇ ಹೆಚ್ಚು.

ಮೊದಲು ಕೈ ಕೊಟ್ಟಿದ್ದು ಫೋರ್ ವೀಲ್. ಕೆಸರಿನಲ್ಲಿ ಏನೂ ಗೊತ್ತಾಗಲಿಲ್ಲ, ಚಕ್ರ ಜಾರಿಕೊಂಡು ಹೋಗುತ್ತೆ ನೋಡಿ. ಕಾಫಿ ಕಣದ ಸಿಮೆಂಟಿನ ಮೇಲೆ ನೆಟ್ಟಗೆ ಓಡಿಸಿದಾಗ ಗಾಡಿ ಯಾರೋ ಹಿಡಿದು ಎಳೆದ ಹಾಗೆ ಬಿಗಿದುಕೊಂಡಿತು. ಫೋರ್ ವೀಲ್ ಹಾಕೋ ಲಿವರ್ ವಾಪಸ್ ಬರಲೇ ಇಲ್ಲ. ಒಳ್ಳೇ ಜೀಪೂ ಒಣ ನೆಲದ ಮೇಲೆ ತಿರುವಿನಲ್ಲಿ ಸ್ವಲ್ಪ ಬಿಗಿಯುತ್ತೆ, ಅದು ಸಹಜ. ನೆಟ್ಟಗೆ ಹೋಗುವಾಗ, ಅದೂ ಕಣದ ಈ ತುದಿಯಿಂದ ಆ ತುದಿಗೆ ಬರೋದರೊಳಗೆ ಬಿಗಿಯಬಾರದು.

ಸಕಲೇಶಪುರದ ಹಳೇ ಮೇಸ್ತ್ರಿ ಒಬ್ಬರು ಬಂದರು. ಪಾನ, ಸ್ಪ್ಯಾನರ್ ಏನೂ ಮುಟ್ಟಲಿಲ್ಲ. ಒಂದು ಸೀಮೆಸುಣ್ಣ ಕೇಳಿದರು. ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರಕ್ಕೆ ಮಾತ್ರ ಜಾಕಿ ಎತ್ತಿದರು. ಟಯರಿಗೆ ಒಂದು ಗೆರೆ, ಇಂಜಿನ್ ಕಡೆಯಿಂದ ಚಕ್ರದ ಕಡೆಗೆ ಹೋಗೋ ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಗೆರೆ. ನನ್ನ ಕೈಯಲ್ಲಿ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದರು, ತಾವು ಕೆಳಗೆ ಮಲಗಿ ಶಾಫ್ಟು ಎಣಿಸಿದರು. ಐದು ಸುತ್ತು ಆಗಿ ಮೇಲೆ ಅರ್ಧಕ್ಕೆ ಸ್ವಲ್ಪ ಕಮ್ಮಿ. ಮುಂದಿನದಕ್ಕೂ ಹಾಗೇ ಮಾಡಿದರು. ಐದು ಸುತ್ತು ಪೂರ್ತಿ ಆಗಲೇ ಇಲ್ಲ. ಶಾಫ್ಟಿನ ತಿರುಗಾಟವನ್ನು ಚಕ್ರಕ್ಕೆ ಮುಟ್ಟಿಸೋ ಹಲ್ಲುಚಕ್ರದ ಜೋಡಿಗೆ ಕ್ರೌನ್ ಪಿನಿಯನ್ ಅಂತಾರೆ. ಹಿಂದಿನದು 43ಕ್ಕೆ 8 ಹಲ್ಲು, ಮುಂದೆ 39ಕ್ಕೆ 8. ಅಂದರೆ ಹಿಂದಿನ ಚಕ್ರ ಒಂದು ಲೆಕ್ಕದಲ್ಲಿ ತಿರುಗಿದರೆ ಮುಂದಿನದು ಇನ್ನೊಂದು ಲೆಕ್ಕದಲ್ಲಿ. ಎರಡೂ ಒಂದೇ ಗೇರ್ ಡಬ್ಬಿಯೊಳಗೆ ಜಗಳ ಆಡ್ತಾವೆ. "ಇದು ಟೂ ವೀಲ್ ಗಾಡಿ ಕಣಪ್ಪ, ಮುಂದಿನ ಹೌಸಿಂಗ್ ಎಲ್ಲಿಂದಲೋ ತಂದು ಕಟ್ಟವ್ರೆ" ಅಂದರು. ರೇಟನ್ನು ಒಂದು ಲಕ್ಷಕ್ಕಿಂತ ಹೆಚ್ಚು ಏರಿಸಿದ್ದೇ ಆ ಫೋರ್ ವೀಲ್ ಲಿವರ್ರು. ನೀವು ಗಾಡಿ ನೋಡೋಕೆ ಹೋದಾಗ ಈ ಪರೀಕ್ಷೆ ಅಲ್ಲೇ ಮಾಡಿ. ಮಾರುವವರು ಬೇಡ ಅಂದರೆ ವಾಪಸ್ ಬನ್ನಿ.

ಆಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಗಾಡಿ ಅಡಿಗೆ ದಪ್ಪಗೆ ಕಪ್ಪು ಕೋಟಿಂಗ್ ಬಳಿದಿದ್ದರು, ತುಕ್ಕು ಹಿಡಿಯಬಾರದು ಅಂತ. ಪ್ರೆಷರ್ ವಾಶಿಗೆ ಅದು ಸಿಪ್ಪೆ ಎದ್ದಾಗ ಚಾಸಿಯ ಎರಡೂ ಕಡೆ ಅಡ್ಡ ವೆಲ್ಡಿಂಗ್ ಕಂಡಿತು, ಮೇಲೊಂದು ಪಟ್ಟಿ ಕೂರಿಸಿ ಗ್ರೈಂಡ್ ಹೊಡೆದಿದ್ದರು. ಸಿಜೆ 3ಬಿಯ ವೀಲ್‌ಬೇಸು, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ, 80 ಇಂಚು. ಎಂಎಂ 540ಯದು 91. ನಾನು ಟೇಪು ಹಿಡಿದೇ ಕೊಂಡಿದ್ದೆ, 80 ಇಂಚು ಸರಿಯಾಗಿತ್ತು. ಅವರು ಉದ್ದದ ಚಾಸಿಯನ್ನೇ ಕತ್ತರಿಸಿ 80ಕ್ಕೆ ತಂದಿದ್ದರು. ಆದ್ದರಿಂದ ಟೇಪು ಒಂದೇ ಸಾಲದು. ಕೋಟಿಂಗ್ ಕೆರೆಸಿ ನೋಡಬೇಕು, ಬಾಡಿ ಇಳಿಸಿದಾಗ ತೆಗೆದ ಫೋಟೋ ಕೇಳಬೇಕು. ಪ್ರಾಮಾಣಿಕವಾಗಿ ಕೆಲಸ ಮಾಡಿದವರ ಫೋನಿನಲ್ಲಿ ಇಂಥ ಫೋಟೋ ರಾಶಿ ಇರುತ್ತವೆ, ನೀವು ಬೇಡ ಅಂದರೂ ತೋರಿಸ್ತಾರೆ. ಬಾಡಿಗೆ ಒಂದು ಮ್ಯಾಗ್ನೆಟ್ ಇಟ್ಟು ನೋಡಿ. ಅಂಟದ ಕಡೆ ಪುಟ್ಟಿ ಇದೆ.

ಇಷ್ಟಾಗಿದ್ದರೆ ದುಡ್ಡು ಹೋಯ್ತು ಅಂತ ಸುಮ್ನೆ ಆಗಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ಆರ್‌ಟಿಒದಲ್ಲಿ. ವರ್ಗಾವಣೆಗೆ ಹೋದಾಗ ಚಾಸಿ ಪ್ರಿಂಟ್ ತೆಗೀತಾರೆ, ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜೋದು. ಕಾಗದದ ಮೇಲೆ ನಂಬರು ಮೂಡಿತು. ಅದರ ಸುತ್ತ ಒಂದು ಚೌಕದ ಅಂಚೂ ಮೂಡಿತು. ಬ್ರೇಕ್ ಇನ್‌ಸ್ಪೆಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿ ಫೈಲ್ ಮುಚ್ಚಿದರು. ಎಲ್ಲೋ ಗುಜರಿಗೆ ಹೋದ ಅಸಲಿ ಸಿಜೆ 3ಬಿಯ ನಂಬರಿದ್ದ ಲೋಹದ ತುಂಡನ್ನು ಕತ್ತರಿಸಿ ತಂದು ಈ ಚಾಸಿಗೆ ಕೂರಿಸಿದ್ದರು. ಸತ್ತ ಗಾಡಿಯ ಆರ್‌ಸಿ, ಬೇರೆ ಗಾಡಿಯ ದೇಹ. "ಆರ್‌ಸಿ ಇದೆ, ಗಾಡಿ ಇಲ್ಲ" ಅಂತ ಮಾರೋರು ಇರ್ತಾರಲ್ಲ, ಆ ಆರ್‌ಸಿಗಳು ಹೋಗಿ ಸೇರೋದು ಇಂಥ ಕಡೆಗೇ. ಮಾಲೀಕರ ಹೆಸರು ಬದಲಾಯಿಸೋ ಫಾರಂ 29, 30 ಖಾಲಿ ಬಿಟ್ಟು ಯಾರೋ ಸಹಿ ಹಾಕಿಟ್ಟಿದ್ದರು. ಅವರು ಯಾರು, ಬದುಕಿದ್ದಾರಾ, ಅದೂ ಗೊತ್ತಿಲ್ಲ. ಬೇರೆ ರಾಜ್ಯದ ಗಾಡಿ, ಅಲ್ಲಿನ ಆರ್‌ಟಿಒ ಕೊಡಬೇಕಾದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಇಲ್ಲವೇ ಇಲ್ಲ.

ಫೋನ್ ಮಾಡಿದರೆ ಗ್ಯಾರೇಜಿನವರ ಸಲಹೆ: "ವಿಂಟೇಜ್ ಮಾಡಿಸ್ಕೊಳ್ಳಿ ಸಾರ್, ನಾವೇ ಮಾಡಿಸಿಕೊಡ್ತೀವಿ." ಈ ಮಾತು ನಿಮಗೂ ಹೇಳ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ರಿಜಿಸ್ಟ್ರೇಷನ್ನಿಗೆ 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಬರುತ್ತೆ, ಹತ್ತು ವರ್ಷಕ್ಕೆ ಸಲ್ಲುತ್ತೆ. ಆದರೆ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ. ಚಾಸಿ ಕತ್ತರಿಸಿದ ಗಾಡಿಗೆ ಇದು ಸಿಗೋದೇ ಇಲ್ಲ, ಸಿಕ್ಕರೂ ಸಂತೆಗೆ ಹೋಗೋಕೆ ಆಗಲ್ಲ.

ಹಾಗಂತ ಸಾಮಾನ್ಯ ರಿಜಿಸ್ಟ್ರೇಷನ್ನಿನಲ್ಲೂ ಮನಸ್ಸಿಗೆ ಬಂದ ಹಾಗೆ ಮಾಡೋಕಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ಹರಿಯಾಣದ ಮಂಡಿ ಡಬ್ವಾಲಿ ಕಡೆಯಿಂದ ಬರುವ ಅಗಲ ಟಯರಿನ, ಹೊಳೆಯುವ ಜೀಪುಗಳು ಫೋಟೋದಲ್ಲಿ ಚೆನ್ನಾಗಿವೆ, ರೇಟೂ ಕಮ್ಮಿ. ಆ ಕಮ್ಮಿ ರೇಟಿನಲ್ಲಿ ಇಲ್ಲಿಯ ಲೈಫ್ ಟ್ಯಾಕ್ಸು, ಎನ್‌ಒಸಿ, ತಪಾಸಣೆಯ ಪರದಾಟ ಸೇರಿಲ್ಲ. ದೆಹಲಿಯಲ್ಲಿ ಹಳೇ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಂದಲೂ ಸಸ್ತಾದಲ್ಲಿ ಇಳಿಯುತ್ತಿವೆ. ಸೈನ್ಯದವರು ಓಡಿಸುತ್ತಿದ್ದ ಜೀಪಿನಂಥ ಗಾಡಿ ಜೊಂಗಾದ್ದೂ ಬೇರೆ ಕಥೆ ಅಲ್ಲ. ಸೈನ್ಯದ ಹರಾಜಿನಿಂದ ಬಂದ ಜೊಂಗಾಗೆ ಅದರದ್ದೇ ನಿಸ್ಸಾನ್ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್ ಇದ್ದರೆ ಒಂದು ರೇಟು, ಯಾವುದೋ ಲಾರಿಯ ಡೀಸೆಲ್ ಇಂಜಿನ್ ಕೂರಿಸಿದ್ದರೆ ಇನ್ನೊಂದು. ಹರಾಜಿನ ಕಾಗದದಿಂದ ಇವತ್ತಿನ ಆರ್‌ಸಿವರೆಗೆ ಒಂದು ಕೊಂಡಿಯೂ ತಪ್ಪಬಾರದು.

ಕರ್ನಾಟಕ ನಂಬರು, ಮಾಲೀಕರು ಎದುರಿಗೆ ಬಂದು ಸಹಿ ಹಾಕ್ತಾರೆ, ರಿನ್ಯೂವಲ್ ಆಗಿದೆ, ಇಂಜಿನ್ ಆರ್‌ಸಿಯಲ್ಲಿರೋದೇ ಅನ್ನೋ ಗಾಡಿ ಪೇಂಟು ಹೋಗಿದ್ದರೂ ಒಂದೂವರೆ ಎರಡು ಲಕ್ಷ ಜಾಸ್ತಿ ಕೊಟ್ಟು ತಗೊಳ್ಳಿ. ಪೇಂಟು ಯಾವಾಗ ಬೇಕಾದರೂ ಹೊಡೆಸಬಹುದು. ನಂಬರನ್ನು ಮೊದಲು ವಾಹನ್ ಪೋರ್ಟಲಿನಲ್ಲಿ ಹಾಕಿ ನೋಡಿ. ಕೆಎ ಬರೋ ಮುಂಚಿನ ಹಳೇ ಎಂವೈ, ಸಿಎ ನಂಬರಿನ ಗಾಡಿಗಳು ಅಲ್ಲಿ ಸಿಗದೇ ಇರಬಹುದು, ಅದೇ ತಪ್ಪಲ್ಲ. ಆಗ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ದಾಖಲೆಯನ್ನು ಪೋರ್ಟಲಿಗೆ ಸೇರಿಸೋದು, ಮಾಡಿಸಿಕೊಡಿ ಅಂತ ಮಾರುವವರಿಗೇ ಹೇಳಿ. ನಾಳೆ, ನಾಡಿದ್ದು ಅಂದರೆ ಅಡ್ವಾನ್ಸೂ ನಾಳೆ, ನಾಡಿದ್ದೇ. ಪೆನ್ಸಿಲ್ ಪ್ರಿಂಟ್ ನೀವೇ ತೆಗೆದು, ಆರ್‌ಸಿ ಜೆರಾಕ್ಸ್ ಜೊತೆ ಆ ಗಾಡಿಯ ಆರ್‌ಟಿಒಗೆ ಹೋಗಿ ತೋರಿಸಿ. ಬ್ರೋಕರ್ ಕೈಲಿ ಕಳಿಸಬೇಡಿ.